ಡ್ರೋನ್ ಮೆಮೊರಿ ಕಾರ್ಡಿನಲ್ಲಿ ಕೆಟ್ಟ ವಿಡಿಯೋ: ಮರಳಿ ಪಡೆಯುವ ಬಗೆ



ಲೇಕ್ ಮಾರ್ಕೆಟ್ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಕಪಾಟುಗಳನ್ನು ತೆರೆದರೆ ಮೂರು ತಲೆಮಾರಿನ ನೆನಪುಗಳು ಮೂರು ರೂಪಗಳಲ್ಲಿ ಸಿಗುತ್ತವೆ. ಅಜ್ಜ ಅಜ್ಜಿಯರ ಕಾಲದ್ದು ಕಪ್ಪು ಬಿಳುಪು ಭಾವಚಿತ್ರಗಳ ಆಲ್ಬಮ್. ನಮ್ಮ ಕಾಲದ್ದು ಮದುವೆಯ ವಿಡಿಯೋ ಕ್ಯಾಸೆಟ್ಟು ಮತ್ತು ಸಿ.ಡಿ. ಮಕ್ಕಳ ಕಾಲದ್ದು 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಒಂದು ಮೈಕ್ರೋ ಎಸ್.ಡಿ. ಕಾರ್ಡು. ಊರಿನ ರಥೋತ್ಸವ, ಮಲೆನಾಡಿನ ತೋಟದ ಮನೆ, ಹಿರಿಯರ ಸಹಸ್ರಚಂದ್ರದರ್ಶನ ಶಾಂತಿ, ಹೀಗೆ ಅನೇಕ ಸಂದರ್ಭಗಳನ್ನು ಈಗ ಡ್ರೋನಿನಿಂದ ಚಿತ್ರೀಕರಿಸುವುದು ಸಾಮಾನ್ಯವಾಗಿದೆ. ರಜೆ ಮುಗಿಸಿ ಕೋಲ್ಕತ್ತಾಕ್ಕೆ ಹಿಂತಿರುಗಿದ ಮೇಲೆ ಕಾರ್ಡನ್ನು ಗಣಕಯಂತ್ರಕ್ಕೆ ಹಾಕಿದಾಗ, ಬೇಕಾದ ವಿಡಿಯೋ ಮಾತ್ರ ತೆರೆಯುವುದಿಲ್ಲ ಎಂಬ ದೂರನ್ನು ನಾವು ಬಳಗದಲ್ಲಿ ಆಗಾಗ ಕೇಳುತ್ತಿದ್ದೇವೆ.

ಅಂತಹ ಸಂದರ್ಭದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕ್ರಮವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ನಾವು ತಂತ್ರಜ್ಞರಲ್ಲ. ಆದರೂ ಈ ವಿಷಯದ ಸಾರವನ್ನು ಒಂದು ಮಾತಿನಲ್ಲಿ ಹೇಳಬಹುದು. ಕೆಟ್ಟಿದೆಯೆಂದು ತೋರುವ ಕಡತದಲ್ಲಿ ಚಿತ್ರದ ಬಹುಪಾಲು ಸಾಮಾನ್ಯವಾಗಿ ಕಾರ್ಡಿನಲ್ಲಿ ಉಳಿದೇ ಇರುತ್ತದೆ. ಅದು ನಿಜವಾಗಿ ನಾಶವಾಗುವುದು ಅನಂತರ ಗಾಬರಿಯಲ್ಲಿ ನಡೆಯುವ ಕೆಲಸಗಳಿಂದ. ಆದ್ದರಿಂದ ಮೊದಲ ಅರ್ಧ ಗಂಟೆಯ ತಾಳ್ಮೆಯೇ ಅರ್ಧ ಚಿಕಿತ್ಸೆ.

ಮೊದಲು ಮಾಡಬಾರದ ಕೆಲಸಗಳು

1. ಆ ಕಾರ್ಡಿನಲ್ಲಿ ಮತ್ತೆ ಚಿತ್ರೀಕರಿಸಬಾರದು. ಅಳಿಸಿಹೋದ ಅಥವಾ ಕಾಣದಾದ ಕಡತ ಇದ್ದ ಜಾಗವನ್ನು ಕಾರ್ಡು ‘ಖಾಲಿ’ ಎಂದು ಲೆಕ್ಕ ಹಿಡಿದಿರುತ್ತದೆ. ಹೊಸ ಚಿತ್ರ ಅದೇ ಜಾಗದಲ್ಲಿ ಬರೆಯಲ್ಪಟ್ಟರೆ ಹಳೆಯದು ಮರಳಿ ಬರುವುದಿಲ್ಲ.

2. ಗಣಕಯಂತ್ರವಾಗಲಿ, ಮೊಬೈಲ್ ಫೋನಾಗಲಿ ‘ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳಿದರೆ ಬೇಡವೆನ್ನಬೇಕು. ಕೆಲವು ಫೋನುಗಳು ‘ಸೆಟಪ್’ ಎಂಬ ಸೌಮ್ಯವಾದ ಹೆಸರಿನಲ್ಲಿ ಇದೇ ಪ್ರಶ್ನೆಯನ್ನು ಕೇಳುತ್ತವೆ.

3. ‘ದೋಷ ಪರಿಶೀಲಿಸಿ ಸರಿಪಡಿಸು’ ಎಂಬ ಸಲಹೆಯನ್ನೂ ಒಪ್ಪಬಾರದು. ವಿಂಡೋಸ್‌ನ ಚೆಕ್‌ಡಿಸ್ಕ್ ಕಾರ್ಡಿನ ವ್ಯವಸ್ಥೆಯನ್ನು ಸರಿಪಡಿಸುವ ಭರದಲ್ಲಿ ಅಪೂರ್ಣವಾದ ಕಡತಗಳನ್ನು ತುಂಡುಮಾಡಿ ಬೇರೆ ಹೆಸರಿಟ್ಟುಬಿಡಬಹುದು. ಅದರ ಗುರಿ ಕಾರ್ಡನ್ನು ಉಳಿಸುವುದೇ ಹೊರತು ನಮ್ಮ ಚಿತ್ರವನ್ನು ಉಳಿಸುವುದಲ್ಲ.

4. ಮರಳಿ ಪಡೆದ ಕಡತಗಳನ್ನು ಅದೇ ಕಾರ್ಡಿಗೆ ಉಳಿಸಬಾರದು. ಯಾವಾಗಲೂ ಗಣಕಯಂತ್ರದ ಡಿಸ್ಕಿನಲ್ಲಿ ಉಳಿಸಬೇಕು.

ಒಂದು ಸಣ್ಣ ಉಪಾಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮೈಕ್ರೋ ಕಾರ್ಡನ್ನು ತೂರಿಸುವ ದೊಡ್ಡ ಎಸ್.ಡಿ. ಅಡಾಪ್ಟರಿನ ಎಡಬದಿಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಕೆಳಕ್ಕೆ, ‘ಲಾಕ್’ ಎಂದು ಬರೆದಿರುವ ಕಡೆಗೆ ಸರಿಸಿದರೆ ಸಾಮಾನ್ಯವಾಗಿ ಗಣಕಯಂತ್ರ ಕಾರ್ಡನ್ನು ಓದಬಲ್ಲುದೇ ಹೊರತು ಬರೆಯಲಾರದು. ಅಡಾಪ್ಟರು ಅಲ್ಪ ಬೆಲೆಯ ವಸ್ತು. ಮನೆಯಲ್ಲಿ ಒಂದು ಇರಲಿ.

ನಿಜವಾಗಿಯೂ ಕೆಟ್ಟಿದೆಯೇ?

ಗಾಬರಿಗೊಳ್ಳುವ ಮುನ್ನ ಒಂದು ಪರೀಕ್ಷೆ ಅಗತ್ಯ. ಇಂದಿನ ಡ್ರೋನುಗಳಲ್ಲಿ ಹಲವು, ವಿಡಿಯೋವನ್ನು ಎಚ್.265 ಎಂಬ ಸಂಕೋಚನ ಪದ್ಧತಿಯಲ್ಲಿ ಬರೆಯುತ್ತವೆ. ಈ ಪದ್ಧತಿ 2013ರಲ್ಲಿ ಬಂದದ್ದು. ಅದಕ್ಕೆ ಹಿಂದಿನ, ಇಂದಿಗೂ ಬಳಕೆಯಲ್ಲಿರುವ ಎಚ್.264 ಪದ್ಧತಿ 2003ರದ್ದು. ಹಳೆಯ ಗಣಕಯಂತ್ರಗಳಲ್ಲಿ ಎಚ್.265 ಓದುವ ವ್ಯವಸ್ಥೆ ಇರದಿದ್ದರೆ ಆರೋಗ್ಯವಾಗಿರುವ ಕಡತವೂ ತೆರೆಯುವುದಿಲ್ಲ; ತೆರೆದರೂ ಚಿತ್ರ ತಡವರಿಸುತ್ತದೆ. ಆದ್ದರಿಂದ ಕಡತವನ್ನು ಗಣಕಯಂತ್ರಕ್ಕೆ ಪ್ರತಿಮಾಡಿಕೊಂಡು, ಉಚಿತವಾಗಿ ದೊರೆಯುವ ವಿ.ಎಲ್.ಸಿ. ಪ್ಲೇಯರಿನಲ್ಲಿ ಅಥವಾ ಹೊಸದಾದ ಇನ್ನೊಂದು ಯಂತ್ರದಲ್ಲಿ ನೋಡಬೇಕು. ಧ್ವನಿ ಕೇಳಿಸುತ್ತಿಲ್ಲವೆಂಬುದು ದೋಷವಲ್ಲ. ರೆಕ್ಕೆಗಳ ಸದ್ದಿನ ನಡುವೆ ಪ್ರಯೋಜನವಿಲ್ಲವೆಂದು ಸಾಮಾನ್ಯ ಡ್ರೋನುಗಳಲ್ಲಿ ಧ್ವನಿಗ್ರಾಹಕವನ್ನೇ ಇಟ್ಟಿರುವುದಿಲ್ಲ.

ವಿಡಿಯೋ ಕಡತದ ಒಳಗೆ ಏನಿದೆ?

ರೋಗ ತಿಳಿಯಬೇಕಾದರೆ ದೇಹರಚನೆ ತಿಳಿದಿರಬೇಕು. ಡ್ರೋನುಗಳು ಬರೆಯುವ ಎಂ.ಪಿ.4 ಮತ್ತು ಎಂ.ಒ.ವಿ. ಕಡತಗಳೆರಡೂ ಆಪಲ್ ಸಂಸ್ಥೆಯ ಕ್ವಿಕ್‌ಟೈಮ್ ವಿನ್ಯಾಸದಿಂದ ಬಂದಂಥವು. ಅವುಗಳಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ‘ಎಂ-ಡ್ಯಾಟ್’ ಎಂಬ ಭಾಗದಲ್ಲಿ ಚಿತ್ರದ ದತ್ತಾಂಶವೆಲ್ಲ ಒಂದರ ಹಿಂದೊಂದು ಕೂಡಿರುತ್ತದೆ. ‘ಮೂವ್’ ಎಂಬ ಭಾಗದಲ್ಲಿ ಯಾವ ಚಿತ್ರ ಎಲ್ಲಿಂದ ಆರಂಭ, ಎಷ್ಟು ಉದ್ದ, ಸೆಕೆಂಡಿಗೆ ಎಷ್ಟು ಚಿತ್ರಗಳು, ಯಾವ ಸಂಕೋಚನ ಪದ್ಧತಿ ಎಂಬ ಸೂಚಿ ಇರುತ್ತದೆ. ಸೂಚಿಯಿಲ್ಲದೆ ಯಾವ ಪ್ಲೇಯರೂ ದತ್ತಾಂಶವನ್ನು ಅರ್ಥಮಾಡಿಕೊಳ್ಳಲಾರದು.

ತೊಂದರೆಯ ಮೂಲ ಇರುವುದು ಇಲ್ಲಿಯೇ. ಚಿತ್ರೀಕರಣ ನಡೆಯುತ್ತಿರುವಷ್ಟು ಹೊತ್ತೂ ಡ್ರೋನು ದತ್ತಾಂಶವನ್ನು ಬರೆಯುತ್ತಾ ಹೋಗುತ್ತದೆ. ಸೂಚಿಯನ್ನು ಬರೆಯುವುದು ನಿಲ್ಲಿಸುವ ಗುಂಡಿ ಒತ್ತಿದ ಮೇಲೆ. ಬ್ಯಾಂಕಿನಲ್ಲಿ ಹಿಂದೆ ದಿನವಿಡೀ ವೋಚರುಗಳು ಪೆಟ್ಟಿಗೆಗೆ ಬೀಳುತ್ತಿದ್ದವು. ಸಂಜೆ ಲೆಕ್ಕ ಮುಗಿಸುವಾಗ ಮೊತ್ತವೆಲ್ಲ ಲೆಡ್ಜರಿಗೆ ಏರುತ್ತಿತ್ತು. ಲೆಡ್ಜರು ಬರೆಯುವ ಮೊದಲೇ ದೀಪ ಆರಿದರೆ ಅಂದಿನ ಲೆಕ್ಕ ಸಿಗದು, ಆದರೆ ವೋಚರುಗಳು ಪೆಟ್ಟಿಗೆಯಲ್ಲಿಯೇ ಇರುತ್ತವೆ. ಡ್ರೋನಿನ ಬ್ಯಾಟರಿ ಮುಗಿದರೂ, ಅದು ಮರಕ್ಕೆ ಬಡಿದು ಬಿದ್ದರೂ, ಇಳಿದ ತಕ್ಷಣ ಆತುರದಿಂದ ಬ್ಯಾಟರಿ ಅಥವಾ ಕಾರ್ಡು ಕಿತ್ತರೂ ಆಗುವುದು ಇದೇ. ಇಂತಹ ಕಡತವನ್ನು ಪರೀಕ್ಷಿಸಿದಾಗ ತಂತ್ರಾಂಶಗಳು ‘ಮೂವ್ ಆಟಂ ನಾಟ್ ಫೌಂಡ್’ ಎಂಬ ಸಂದೇಶ ಕೊಡುತ್ತವೆ. ಸೂಚಿ ಸಿಗಲಿಲ್ಲ ಎಂಬುದು ಇದರ ಅರ್ಥ, ಚಿತ್ರವೇ ಇಲ್ಲವೆಂದಲ್ಲ.

ಕಡತದ ಸೂಚಿಯಲ್ಲದೆ ಕಾರ್ಡಿಗೂ ತನ್ನದೇ ಒಂದು ಸೂಚಿ ಇದೆ. 32 ಜಿ.ಬಿ. ವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಫ್ಯಾಟ್ 32, 64 ಜಿ.ಬಿ. ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ಎಕ್ಸ್-ಫ್ಯಾಟ್ ಎಂಬ ವ್ಯವಸ್ಥೆ ಇರುತ್ತದೆ. ಯಾವ ಹೆಸರಿನ ಕಡತ ಯಾವ ಜಾಗದಲ್ಲಿದೆ, ಅದರ ಗಾತ್ರವೆಷ್ಟು ಎಂಬುದನ್ನು ಇದು ದಾಖಲಿಸುತ್ತದೆ. ಗಾತ್ರವನ್ನು ಅಂತಿಮವಾಗಿ ನಮೂದಿಸುವುದೂ ಹೆಚ್ಚಾಗಿ ಕಡತ ಮುಚ್ಚುವಾಗಲೇ. ಆದಕಾರಣ ಅರ್ಧಕ್ಕೆ ನಿಂತ ವಿಡಿಯೋದ ಹೆಸರಿನ ಮುಂದೆ ಸೊನ್ನೆ ಗಾತ್ರ ಕಾಣಿಸಬಹುದು. ನೂರಾರು ಎಂ.ಬಿ. ದತ್ತಾಂಶ ಒಳಗೆ ಇದ್ದರೂ ದಾಖಲೆಯಲ್ಲಿ ಸೊನ್ನೆ!

ಲಕ್ಷಣಗಳು ಮತ್ತು ಅವುಗಳ ಅರ್ಥ

ಅ) ಹೆಸರಿದೆ, ಗಾತ್ರವೂ ಸರಿಯಾಗಿದೆ, ತೆರೆಯುವುದಿಲ್ಲ: ಕಡತದ ಸೂಚಿ ಬರೆಯಲ್ಪಟ್ಟಿಲ್ಲ. ಇದು ಬಹುಮಟ್ಟಿಗೆ ಗುಣವಾಗುವ ರೋಗ.

ಆ) ಹೆಸರಿದೆ, ಗಾತ್ರ ಸೊನ್ನೆ: ಕಡತದ ಸೂಚಿಯ ಜೊತೆಗೆ ಕಾರ್ಡಿನ ದಾಖಲೆಯೂ ಅಪೂರ್ಣ. ಶ್ರಮ ಹೆಚ್ಚು, ಆಸೆ ಬಿಡಬೇಕಾಗಿಲ್ಲ.

ಇ) ಕಡತಗಳೇ ಕಾಣುವುದಿಲ್ಲ, ಅಥವಾ ಕೈತಪ್ಪಿ ಅಳಿಸಲಾಗಿದೆ: ಅನಂತರ ಏನನ್ನೂ ಬರೆಯದಿದ್ದರೆ ಮರಳಿ ಸಿಗುವ ಸಂಭವವಿದೆ. ಫಾರ್ಮ್ಯಾಟ್ ಮಾಡುವಾಗ ಕಾರ್ಡಿನ ಕೋಶಗಳನ್ನೇ ಬರಿದು ಮಾಡುವ ಉಪಕರಣಗಳೂ ಇವೆ. ಅಂತಹವುಗಳಲ್ಲಿ ಮಾಡಿದ್ದರೆ ಸಿಗುವುದಿಲ್ಲ.

ಈ) ವಿಡಿಯೋ ತೆರೆಯುತ್ತದೆ, ನಡುನಡುವೆ ಬೂದು ಚೌಕಗಳು ಕಾಣುತ್ತವೆ: ದತ್ತಾಂಶದ ಕೆಲಭಾಗಕ್ಕೇ ಪೆಟ್ಟು ಬಿದ್ದಿದೆ. ವಿಡಿಯೋದಲ್ಲಿ ಪ್ರತಿಯೊಂದು ಚಿತ್ರವೂ ಪೂರ್ಣವಾಗಿ ಇರುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ, ನಡುವೆ ಬದಲಾದ ಅಂಶಗಳು ಮಾತ್ರ ಬರೆಯಲ್ಪಡುತ್ತವೆ. ಹಾಗಾಗಿ ಒಂದೆಡೆ ಕೆಟ್ಟರೆ ಮುಂದಿನ ಪೂರ್ಣ ಚಿತ್ರ ಬರುವವರೆಗೂ ಕಲೆ ಉಳಿಯುತ್ತದೆ. ಕಳೆದುಹೋದ ಅಂಶವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಕೆಟ್ಟ ಭಾಗ ಕತ್ತರಿಸಿ ಉಳಿದುದನ್ನು ಜೋಡಿಸಬಹುದು.

ಉ) ಕಾರ್ಡನ್ನು ಯಾವ ಯಂತ್ರವೂ ಗುರುತಿಸುವುದಿಲ್ಲ, ಅಥವಾ ಹಾಕಿದೊಡನೆ ಕಾರ್ಡು ವಿಪರೀತ ಬಿಸಿಯಾಗುತ್ತದೆ: ಕಾರ್ಡಿನೊಳಗಿನ ಯಂತ್ರಾಂಶ ಕೆಟ್ಟಿದೆ. ಕೂಡಲೇ ಹೊರತೆಗೆಯಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಚಿಕಿತ್ಸೆಯ ಕ್ರಮ

ಮೊದಲನೆಯ ಹಂತ: ಪಡಿಯಚ್ಚು ತೆಗೆಯುವುದು. ಕಾರ್ಡಿನಲ್ಲಿರುವ ಪ್ರತಿಯೊಂದು ಅಂಶವನ್ನೂ, ಖಾಲಿಯೆಂದು ತೋರುವ ಜಾಗವನ್ನೂ ಸೇರಿಸಿ, ಒಂದೇ ದೊಡ್ಡ ಕಡತವಾಗಿ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಮುಂದಿನ ಪ್ರಯೋಗಗಳೆಲ್ಲ ಈ ಪಡಿಯಚ್ಚಿನ ಮೇಲೆಯೇ ನಡೆಯಬೇಕು; ಮೂಲ ಕಾರ್ಡನ್ನು ಲಕೋಟೆಯಲ್ಲಿಟ್ಟು ಬೀಗ ಹಾಕಿಬಿಡಬೇಕು. ಲಿನಕ್ಸ್ ಬಳಸುವವರಿಗೆ ‘ಡಿಡಿರೆಸ್ಕ್ಯೂ’ ಎಂಬ ಮುಕ್ತ ತಂತ್ರಾಂಶವಿದೆ. ಓದಲಾಗದ ಜಾಗಗಳನ್ನು ಅದು ಮೊದಲು ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ಮತ್ತೆ ಪ್ರಯತ್ನಿಸುತ್ತದೆ. ವಿಂಡೋಸ್ ಬಳಸುವವರು ‘ವಿನ್32 ಡಿಸ್ಕ್ ಇಮೇಜರ್’ ಬಳಸಬಹುದು. ಅದರಲ್ಲಿ ‘ರೀಡ್’ ಗುಂಡಿಯನ್ನೇ ಒತ್ತಬೇಕು. ಪಕ್ಕದ ‘ರೈಟ್’ ಗುಂಡಿ ಒತ್ತಿದರೆ ಕಾರ್ಡಿನ ಮೇಲೆಯೇ ಬರೆಯಲು ಹೊರಡುತ್ತದೆ. ಲಾಕ್ ಗುಂಡಿ ಸರಿಸಿದ ಅಡಾಪ್ಟರಿನ ಉಪಯೋಗ ಇಲ್ಲಿ ತಿಳಿಯುತ್ತದೆ. 64 ಜಿ.ಬಿ. ಕಾರ್ಡಿಗೆ ಗಣಕಯಂತ್ರದಲ್ಲಿಯೂ ಸುಮಾರು ಅಷ್ಟೇ ಜಾಗ ಬೇಕು.

ಎರಡನೆಯ ಹಂತ: ಡ್ರೋನಿಗೇ ಅವಕಾಶ ಕೊಡುವುದು. ಅ ಮತ್ತು ಆ ಲಕ್ಷಣಗಳಿಗೆ ಅತಿ ಸುಲಭವಾದ ಚಿಕಿತ್ಸೆ ಇದು. ಹಲವು ಡ್ರೋನುಗಳಲ್ಲಿ ಅರ್ಧಕ್ಕೆ ನಿಂತ ವಿಡಿಯೋವನ್ನು ತಾನಾಗಿ ಪೂರ್ಣಗೊಳಿಸುವ ವ್ಯವಸ್ಥೆ ಇದೆ. ಪಡಿಯಚ್ಚು ತೆಗೆದ ಬಳಿಕ, ಬರೆಯಲು ಅಡ್ಡಿಯಾಗದಂತೆ ಕಾರ್ಡನ್ನು ಅಡಾಪ್ಟರಿನಿಂದ ತೆಗೆದು ಅದೇ ಡ್ರೋನಿಗೆ ಹಾಕಬೇಕು. ಪೂರ್ಣ ಚಾರ್ಜಾದ ಬ್ಯಾಟರಿಯೊಂದಿಗೆ ಚಾಲನೆ ಮಾಡಿ, ಹಾರಿಸದೆ, ಚಿತ್ರೀಕರಿಸದೆ ಕೆಲವು ನಿಮಿಷ ಹಾಗೆಯೇ ಬಿಡಬೇಕು. ಅನಂತರ ಕ್ರಮವಾಗಿ ಆರಿಸಿ ಕಾರ್ಡು ತೆಗೆದು ನೋಡಬೇಕು. ಕಡತವನ್ನು ಅಳಿಸಿದ್ದರೆ ಅಥವಾ ಕಾರ್ಡು ಫಾರ್ಮ್ಯಾಟ್ ಆಗಿದ್ದರೆ ಮಾತ್ರ ಈ ಹಂತ ಬೇಡ. ಡ್ರೋನು ಕಾರ್ಡಿಗೆ ಏನಾದರೂ ಬರೆದರೆ ನಷ್ಟವೇ ಹೊರತು ಲಾಭವಿಲ್ಲ.

ಮೂರನೆಯ ಹಂತ: ಕಾಣದ ಕಡತಗಳನ್ನು ಹುಡುಕುವುದು. ಇದಕ್ಕೆ ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶ ಪ್ರಸಿದ್ಧವಾಗಿದೆ. ಕಾರ್ಡಿನ ಸೂಚಿಯನ್ನು ಅದು ನಂಬುವುದಿಲ್ಲ. ಪ್ರತಿಯೊಂದು ಜಾಗವನ್ನೂ ಓದಿ, ವಿಡಿಯೋ ಕಡತ ಆರಂಭವಾಗುವ ಗುರುತು ಎಲ್ಲಿದೆಯೆಂದು ಹುಡುಕಿ ಅಲ್ಲಿಂದ ಪ್ರತಿ ತೆಗೆಯುತ್ತದೆ. ಹೀಗೆ ಸಿಕ್ಕ ಕಡತಗಳಿಗೆ ಹಳೆಯ ಹೆಸರು ಇರುವುದಿಲ್ಲ. ‘ಎಫ್’ ಅಕ್ಷರ ಮತ್ತು ಸಂಖ್ಯೆಗಳ ಹೊಸ ಹೆಸರು ಬರುತ್ತದೆ. ಒಂದೊಂದನ್ನೇ ತೆರೆದು ನೋಡಿ ಗುರುತಿಸಬೇಕು.

ಇದಕ್ಕೂ ಮಿತಿಯಿದೆ. ಓಲೆಗರಿಯ ಕಟ್ಟಿನ ದಾರ ಹರಿದರೂ ಗರಿಗಳು ಒಂದರ ಮೇಲೊಂದು ಹಾಗೆಯೇ ಇದ್ದರೆ ಗ್ರಂಥವನ್ನು ಓದಬಹುದು. ಎರಡು ಗ್ರಂಥಗಳ ಗರಿಗಳು ಕಲಸಿಹೋದರೆ ಬೇರ್ಪಡಿಸುವುದು ಕಷ್ಟ. ಕೆಲವು ಡ್ರೋನುಗಳು ದೊಡ್ಡ ವಿಡಿಯೋದ ಜೊತೆಯಲ್ಲಿಯೇ ಅದರ ಕಿರುಗಾತ್ರದ ಪ್ರತಿಯನ್ನೂ ಬರೆಯುತ್ತಿರುತ್ತವೆ. ಆಗ ಎರಡರ ತುಣುಕುಗಳು ಒಂದರ ನಡುವೆ ಒಂದು ಬೀಳಬಹುದು. ಫೋಟೋರೆಕ್ ಕೊಟ್ಟ ಕಡತ ಅಲ್ಪ ಕಾಲ ಓಡಿ ನಿಂತುಬಿಟ್ಟರೆ ಕಾರಣ ಹೆಚ್ಚಾಗಿ ಇದೇ ಆಗಿರುತ್ತದೆ. ಡ್ರೋನ್ ವಿಡಿಯೋಗಳ ತುಣುಕುಗಳನ್ನು ಜೋಡಿಸಬಲ್ಲ ವಿಶೇಷ ತಂತ್ರಾಂಶಗಳೂ ತಜ್ಞರೂ ಇದ್ದಾರೆ. ಅವರಿಗೆ ಪಡಿಯಚ್ಚನ್ನು ಕೊಡಬಹುದು.

ನಾಲ್ಕನೆಯ ಹಂತ: ಸೂಚಿಯನ್ನು ಮರಳಿ ಕಟ್ಟುವುದು. ಡ್ರೋನು ತಾನಾಗಿ ಸರಿಪಡಿಸದಿದ್ದರೆ ‘ಅನ್‌ಟ್ರಂಕ್’ ಎಂಬ ಮುಕ್ತ ತಂತ್ರಾಂಶವಿದೆ. ಇದೇ ತತ್ತ್ವದ ಮೇಲೆ ನಡೆಯುವ ಹಣ ಕೊಟ್ಟು ಕೊಳ್ಳುವಂಥವೂ ಇವೆ. ಇವುಗಳಿಗೆ ಎರಡು ಕಡತ ಬೇಕು: ಕೆಟ್ಟದ್ದು ಒಂದು, ಚೆನ್ನಾಗಿರುವುದು ಒಂದು. ಚೆನ್ನಾಗಿರುವುದು ಅದೇ ಡ್ರೋನಿನಿಂದ, ಅದೇ ಗಾತ್ರ, ಅದೇ ವೇಗ, ಅದೇ ಸಂಕೋಚನ ಪದ್ಧತಿಯಲ್ಲಿ ಚಿತ್ರೀಕರಿಸಿದ್ದಾಗಿರಬೇಕು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಖಾತೆ ತೆರೆದ ದಿನದ ಮಾದರಿ ಸಹಿಯೊಂದಿಗೆ ಹೋಲಿಸಿ ನೋಡುವ ಹಾಗೆ, ತಂತ್ರಾಂಶವು ಮಾದರಿ ಕಡತದ ಸೂಚಿಯನ್ನು ಓದಿ, ಕೆಟ್ಟ ಕಡತದ ದತ್ತಾಂಶದಲ್ಲಿ ಪ್ರತಿಯೊಂದು ಚಿತ್ರದ ಆರಂಭವನ್ನೂ ಗುರುತಿಸಿ ಹೊಸ ಸೂಚಿ ಕಟ್ಟುತ್ತದೆ. ಮಾದರಿಯ ವಿಷಯ ಏನಾದರೂ ಆಗಬಹುದು. ಗೋಡೆಯ ಚಿತ್ರವಾದರೂ ನಡೆದೀತು. ಧ್ವನಿಯ ಭಾಗ ಇಲ್ಲದಿರುವುದರಿಂದ ಡ್ರೋನ್ ವಿಡಿಯೋಗಳಲ್ಲಿ ಈ ಕೆಲಸ ತುಸು ಸರಳವೇ ಆಗುತ್ತದೆ.

ಐದನೆಯ ಹಂತ: ಬೇರೆಡೆ ಪ್ರತಿ ಇದೆಯೇ ಎಂದು ನೋಡುವುದು. ಹಾರಿಸುವಾಗ ಬಳಸಿದ ಮೊಬೈಲ್ ಫೋನಿನ ತಂತ್ರಾಂಶದಲ್ಲಿ ಕಡಿಮೆ ಸ್ಪಷ್ಟತೆಯ ಪ್ರತಿಯೊಂದು ಉಳಿದಿರುವುದುಂಟು. ಕಾರ್ಡಿನಲ್ಲಿ ‘ಎಲ್.ಆರ್.ಎಫ್.’ ಎಂದು ಕೊನೆಗೊಳ್ಳುವ ಕಡತ ಇದ್ದರೆ ಅದು ಕಿರುಗಾತ್ರದ ವಿಡಿಯೋವೇ; ಅದರ ಪ್ರತಿಯೊಂದನ್ನು ಮಾಡಿಕೊಂಡು ಕೊನೆಯನ್ನು ‘ಎಂ.ಪಿ.4’ ಎಂದು ಬದಲಿಸಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಕೆಲವು ಮಾದರಿಗಳಲ್ಲಿ ಡ್ರೋನಿನೊಳಗೇ ಸ್ವಲ್ಪ ಸಂಗ್ರಹ ಸ್ಥಳ ಇರುತ್ತದೆ. ಕಾರ್ಡಿಗೆ ಬರೆದದ್ದೆಂದು ಭಾವಿಸಿದ ವಿಡಿಯೋ ಅಲ್ಲಿ ಇರಬಹುದು. ಫೋನಿನ ತಂತ್ರಾಂಶವನ್ನು ತೆಗೆದುಹಾಕುವ ಮುನ್ನ ಇದನ್ನೆಲ್ಲ ನೋಡಿಕೊಳ್ಳಬೇಕು.

ಒಂದು ಉದಾಹರಣೆ

ನಮ್ಮ ಬಳಗದ ಕುಟುಂಬವೊಂದು ಮಲೆನಾಡಿನ ತಮ್ಮ ಮೂಲಮನೆಗೆ ಹೋಗಿತ್ತು. ಅಣ್ಣತಮ್ಮಂದಿರಲ್ಲಿ ಪಾಲಾಗಿ, ಹಳೆಯ ತೊಟ್ಟಿಮನೆಯನ್ನು ಇಳಿಸುವುದೆಂದು ತೀರ್ಮಾನವಾಗಿತ್ತು. ಕೊನೆಯ ಬಾರಿಗೆ ಎಲ್ಲರೂ ಅಂಗಳದಲ್ಲಿ ಕೂಡಿದರು. ನಾಲ್ಕೂ ಕಡೆ ಮಾಡು, ನಡುವೆ ತೆರೆದ ತೊಟ್ಟಿ, ಅದರ ಸುತ್ತ ಮೂರು ತಲೆಮಾರಿನ ಜನ, ಜಗಲಿಯ ಮೇಲೆ ಕಂಬಕ್ಕೊರಗಿ ಕುಳಿತ ಅಜ್ಜಿ. ನೆಲದ ಮೇಲೆ ನಿಂತು ಇಷ್ಟನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಸಾಧ್ಯವಿರಲಿಲ್ಲ. ಸೋದರಳಿಯನೊಬ್ಬ ಡ್ರೋನಿನಿಂದ ಸುಮಾರು ನಾಲ್ಕು ನಿಮಿಷ ಚಿತ್ರೀಕರಿಸಿದ. ಇಳಿದ ತಕ್ಷಣ ಮಳೆಯ ಹನಿ ಬಿತ್ತೆಂದು ಯಾರೋ ಬ್ಯಾಟರಿ ಕಿತ್ತು ಒಳಗೆ ಒಯ್ದರು. ಚಿತ್ರೀಕರಣ ನಿಲ್ಲಿಸಿರಲಿಲ್ಲ.

ಡ್ರೋನು ಬಾಡಿಗೆಯದು, ಹಿಂತಿರುಗಿಸಿಯಾಗಿತ್ತು. ಕಾರ್ಡು ಮಾತ್ರ ಲೇಕ್ ಮಾರ್ಕೆಟ್ಟಿನ ಮನೆಗೆ ಬಂತು. ಸುಮಾರು 3 ಜಿ.ಬಿ. ಗಾತ್ರದ ಕಡತ, ತೆರೆಯಲಿಲ್ಲ. ಅಂಗಡಿಯೊಂದರಲ್ಲಿ ಮೊದಲು ಫಾರ್ಮ್ಯಾಟ್ ಮಾಡಿ ಅನಂತರ ಹುಡುಕೋಣವೆಂದರಂತೆ. ಮನೆಯ ಹಿರಿಯ ಮಗಳು ಒಪ್ಪದೆ ಕಾರ್ಡು ಹಿಂದಕ್ಕೆ ತಂದರು. ಪಡಿಯಚ್ಚು ತೆಗೆಯಲಾಯಿತು. ಮಾದರಿ ಕಡತ ಎಲ್ಲಿಂದ ತರುವುದು? ಅದೇ ದಿನ ಬೆಳಿಗ್ಗೆ ಪರೀಕ್ಷೆಗೆಂದು ಅಡಿಕೆ ತೋಟದ ಮೇಲೆ ತೆಗೆದ 12 ಸೆಕೆಂಡುಗಳ ತುಣುಕೊಂದು ಕಾರ್ಡಿನಲ್ಲಿ ಇತ್ತು. ಚಿತ್ರ ಅಲುಗಾಡಿದೆಯೆಂದು ಅಳಿಸಬೇಕೆಂದಿದ್ದರು, ಮರೆತಿದ್ದರು. ಆ ತುಣುಕನ್ನು ಮಾದರಿಯಾಗಿಟ್ಟು ಸೂಚಿ ಕಟ್ಟಿದಾಗ ವಿಡಿಯೋ ತೆರೆಯಿತು. ಕೊನೆಯ ಕೆಲವು ಸೆಕೆಂಡುಗಳು ಮಾತ್ರ ಸಿಗಲಿಲ್ಲ, ಏಕೆಂದರೆ ಬ್ಯಾಟರಿ ಕಿತ್ತಾಗ ಆ ಭಾಗ ಇನ್ನೂ ಕಾರ್ಡಿಗೆ ಇಳಿದಿರಲಿಲ್ಲ. ಅಜ್ಜಿ ಮೇಲೆ ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದದ್ದು ಸಿಕ್ಕಿತು. ಈಗ ಆ ಮನೆ ಇಲ್ಲ.

ಅಂಗಡಿಗೆ ಹೋಗುವಾಗ

ಮನೆಯಲ್ಲಿ ಸಾಧ್ಯವಾಗದಿದ್ದರೆ ಕೋಲ್ಕತ್ತಾದಲ್ಲಿ ಹೆಚ್ಚಿನವರು ಹೋಗುವುದು ಚಾಂದನಿ ಮಾರ್ಕೆಟ್ ಕಡೆಗೆ. ಲೇಕ್ ಮಾರ್ಕೆಟ್ಟಿನವರಿಗೆ ದಾರಿ ಸುಲಭ: ಕಾಳೀಘಾಟ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಎಸ್‌ಪ್ಲನೇಡ್ ಆದ ಮೇಲೆ ಸಿಗುವುದೇ ಚಾಂದನಿ ಚೌಕ್. ಗಣಕಯಂತ್ರದ ಬಿಡಿಭಾಗ, ಕಾರ್ಡು, ದುರಸ್ತಿ ಎಲ್ಲವೂ ಅಲ್ಲಿ ದೊರೆಯುತ್ತವೆ. ಕಾರ್ಡು ಕೊಡುವ ಮುನ್ನ ಈ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು.

1. ಮೊದಲು ಪಡಿಯಚ್ಚು ತೆಗೆಯುತ್ತೀರಾ, ಮೂಲ ಕಾರ್ಡಿನ ಮೇಲೆಯೇ ಕೆಲಸ ಮಾಡುತ್ತೀರಾ? ಎರಡನೆಯದಾದರೆ ನಮಸ್ಕಾರ ಹೇಳಿ ಹೊರಡಬಹುದು.

2. ಹಣ ಯಾವಾಗ? ಸಿಕ್ಕ ವಿಡಿಯೋವನ್ನು ನೋಡಿದ ಮೇಲೆಯೇ ಪೂರ್ಣ ಹಣ ಎಂಬ ಮಾತು ಬರಹದಲ್ಲಿರಬೇಕು. ರಸೀದಿಯಲ್ಲಿ ಕಾರ್ಡಿನ ಗಾತ್ರ ಮತ್ತು ಗುರುತನ್ನು ಬರೆಸಿಕೊಳ್ಳಬೇಕು.

3. ಕೆಲಸ ಮುಗಿದ ಮೇಲೆ ನಮ್ಮ ದತ್ತಾಂಶವನ್ನು ಅವರ ಯಂತ್ರದಿಂದ ಅಳಿಸುತ್ತಾರೆಯೇ? ಕುಟುಂಬದ ಹೆಣ್ಣುಮಕ್ಕಳ, ಮಕ್ಕಳ ಚಿತ್ರಗಳು ಅದರಲ್ಲಿರುತ್ತವೆ.

ಯಂತ್ರಾಂಶವೇ ಕೆಟ್ಟಿರುವ ಉ ಲಕ್ಷಣಕ್ಕೆ ಸಾಮಾನ್ಯ ಅಂಗಡಿ ಸಾಲದು. ಮೈಕ್ರೋ ಕಾರ್ಡಿನಲ್ಲಿ ಸಂಗ್ರಹ ಕೋಶವೂ ಅದರ ನಿಯಂತ್ರಕವೂ ಒಂದೇ ಅಚ್ಚಿನೊಳಗೆ ಅಡಗಿರುತ್ತವೆ. ಮೇಲಿನ ಲೇಪವನ್ನು ಕೆರೆದು, ಕೂದಲಿಗಿಂತ ತೆಳುವಾದ ತಂತಿಗಳನ್ನು ಬೆಸೆದು ಒಳಗಿನದನ್ನು ನೇರವಾಗಿ ಓದುವ ಪ್ರಯೋಗಾಲಯಗಳು ಬೇಕು. ವೆಚ್ಚ ಹೆಚ್ಚು, ಫಲ ನಿಶ್ಚಿತವಲ್ಲ. ಯಾವ ಚಿತ್ರಕ್ಕೆ ಅಷ್ಟು ಖರ್ಚು ಮಾಡಬಹುದೆಂಬುದನ್ನು ಮನೆಯವರೇ ನಿರ್ಧರಿಸಬೇಕು.

ಬ್ಯಾಂಕಿನ ಕೆಲಸದಲ್ಲಿ ಮೂರು ದಶಕ ಕಳೆದವರಾಗಿ ಇನ್ನೊಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸಹಾಯ ಹುಡುಕುವಾಗ ಸಿಗುವ ಅಪರಿಚಿತ ದೂರವಾಣಿ ಸಂಖ್ಯೆಗಳಿಗೆ ಕರೆ ಮಾಡಿ, ಅವರು ಹೇಳಿದಂತೆ ತಮ್ಮ ಗಣಕಯಂತ್ರದ ಪರದೆಯನ್ನು ಅವರ ಕೈಗೆ ಒಪ್ಪಿಸಬಾರದು. ಕಾರ್ಡು ಸರಿಪಡಿಸುವ ನೆಪದಲ್ಲಿ ಖಾತೆಯ ಹಣಕ್ಕೇ ಕೈ ಹಾಕಬಹುದು. ಹಾಗೇನಾದರೂ ಆದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಬೇಕು.

ಮುಂದೆ ಹೀಗಾಗದಂತೆ

ಕಾರ್ಡಿನ ಆಯ್ಕೆ: ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೋ ತೆಗೆದರೆ ಸೆಕೆಂಡಿಗೆ 12.5 ಎಂ.ಬಿ., ಅಂದರೆ ನಿಮಿಷಕ್ಕೆ 750 ಎಂ.ಬಿ. ಬರೆಯಬೇಕಾಗುತ್ತದೆ. 64 ಜಿ.ಬಿ. ಕಾರ್ಡಿನಲ್ಲಿ ಹಿಡಿಯುವುದು ಸುಮಾರು 85 ನಿಮಿಷ. ಕಾರ್ಡಿನ ಮೇಲೆ ‘ಯು3’ ಅಥವಾ ‘ವಿ30’ ಗುರುತಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಎಂ.ಬಿ. ವೇಗದಲ್ಲಿ ಬರೆಯಬಲ್ಲುದೆಂದು ಅರ್ಥ, ಅಷ್ಟಿದ್ದರೆ ಸಾಕು. ಬೆಲೆ ತೀರ ಕಡಿಮೆಯಿರುವ ಕಾರ್ಡುಗಳಲ್ಲಿ ನಕಲಿಗಳಿವೆ. ಮೇಲೆ 128 ಎಂದಿದ್ದು ಒಳಗೆ 16 ಮಾತ್ರ ಇರುವ ಕಾರ್ಡು ಮೊದಲ ಕೆಲವು ವಿಡಿಯೋಗಳನ್ನು ಸರಿಯಾಗಿ ಹಿಡಿದು, ಅನಂತರದ್ದನ್ನು ಗಾಳಿಗೆ ಬರೆಯುತ್ತದೆ. ಹೊಸ ಕಾರ್ಡನ್ನು ‘ಎಚ್2ಟೆಸ್ಟ್‌ಡಬ್ಲ್ಯೂ’ ಅಥವಾ ‘ಎಫ್3’ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿದರೆ ಈ ಮೋಸ ಬಯಲಾಗುತ್ತದೆ.

ಹಾರಿಸುವ ಶಿಸ್ತು: ನೆಲಕ್ಕೆ ಇಳಿಸುವ ಮೊದಲೇ ಚಿತ್ರೀಕರಣ ನಿಲ್ಲಿಸಬೇಕು. ಒಂದೇ ಉದ್ದನೆಯ ವಿಡಿಯೋ ತೆಗೆಯುವ ಬದಲು ಮೂರು ನಾಲ್ಕು ನಿಮಿಷದ ಭಾಗಗಳಾಗಿ ತೆಗೆದರೆ ಒಂದು ಕೆಟ್ಟರೂ ಉಳಿದವು ಸುರಕ್ಷಿತ. ರೆಕ್ಕೆ ನಿಂತು, ಡ್ರೋನು ಆರಿದ ಮೇಲೆಯೇ ಕಾರ್ಡಿಗೆ ಕೈ ಹಾಕಬೇಕು. ಬ್ಯಾಟರಿಯನ್ನು ಕೊನೆಯ ಹನಿಯವರೆಗೆ ಹಿಂಡಬಾರದು.

ಮಾದರಿ ಕಡತ: ಪ್ರತಿ ಸಮಾರಂಭದ ಆರಂಭದಲ್ಲಿ ಅಂದಿನ ವ್ಯವಸ್ಥೆಯಲ್ಲಿಯೇ ಹತ್ತು ಹದಿನೈದು ಸೆಕೆಂಡುಗಳ ತುಣುಕೊಂದನ್ನು ತೆಗೆದು ಗಣಕಯಂತ್ರದಲ್ಲಿ ಉಳಿಸಿಡಬೇಕು. ಡ್ರೋನು ಕೆರೆಗೆ ಬಿದ್ದು ಕಾರ್ಡು ಮಾತ್ರ ಸಿಕ್ಕರೂ ಇದು ಉಪಯೋಗಕ್ಕೆ ಬರುತ್ತದೆ. ಸಿದ್ಧ ಡ್ರೋನುಗಳ ಆಮದನ್ನು ಭಾರತ ಸರ್ಕಾರ 2022ರ ಫೆಬ್ರವರಿ 9ರಂದು, ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಅಗತ್ಯಗಳನ್ನು ಬಿಟ್ಟು, ನಿಷೇಧಿಸಿತು. ಹಾಗಾಗಿ ಕಳೆದುಹೋದ ವಿದೇಶಿ ಡ್ರೋನಿನಂಥದ್ದೇ ಇನ್ನೊಂದನ್ನು ತಂದು ಮಾದರಿ ತೆಗೆಯುತ್ತೇವೆಂದರೆ ಸುಲಭವಲ್ಲ.

ಪ್ರತಿಗಳು: ಅದೇ ದಿನ ಎರಡು ಕಡೆ ಪ್ರತಿಮಾಡಬೇಕು; ಒಂದು ಬೇರೆ ಮನೆಯಲ್ಲಿ ಇರಲಿ. ಒಂದು ಲೇಕ್ ಮಾರ್ಕೆಟ್ಟಿನಲ್ಲಿ, ಒಂದು ಬೆಂಗಳೂರಿನ ತಂಗಿಯ ಮನೆಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಪ್ರತಿಗಳನ್ನು ತೆರೆದು ನೋಡಿದ ಮೇಲೆ ಮಾತ್ರ ಕಾರ್ಡನ್ನು, ಗಣಕಯಂತ್ರದಲ್ಲಲ್ಲ, ಡ್ರೋನಿನಲ್ಲಿಯೇ ಫಾರ್ಮ್ಯಾಟ್ ಮಾಡಬೇಕು.

ನಿಯಮ: 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದ ಡ್ರೋನುಗಳು ‘ನ್ಯಾನೋ’ ವರ್ಗಕ್ಕೆ ಸೇರುತ್ತವೆ, ಅವುಗಳಿಗೆ ಚಾಲಕ ಪ್ರಮಾಣಪತ್ರ ಬೇಡ. ಆದರೆ ಕೆಂಪು ಮತ್ತು ಹಳದಿ ವಲಯಗಳಲ್ಲಿ ಹಾರಿಸಲು ಅನುಮತಿ ಬೇಕೇ ಬೇಕು. ಮಹಾನಗರದ ತಾರಸಿಯಿಂದ ಹಾರಿಸುವ ಮೊದಲು ಸರ್ಕಾರದ ವಾಯುವಲಯ ನಕ್ಷೆಯನ್ನು ನೋಡಿ, ಸ್ಥಳೀಯ ಪೊಲೀಸ್ ಠಾಣೆಯಲ್ಲಿಯೂ ವಿಚಾರಿಸುವುದು ಕ್ಷೇಮ. ಅಂಜಿಕೆಯಿಂದ ಅವಸರವಾಗಿ ಇಳಿಸಿ ಕಾರ್ಡು ಕೀಳುವ ಪ್ರಸಂಗವೂ ಆಗ ಬರುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ತಮ್ಮ ಮನೆಯಲ್ಲಿ ‘ಕೆಟ್ಟುಹೋಗಿದೆ’ ಎಂದು ಮೂಲೆಗೆ ಹಾಕಿದ ಕಾರ್ಡು ಇದ್ದರೆ ಎಸೆಯಬೇಡಿ, ಮತ್ತೆ ಬಳಸಲೂ ಬೇಡಿ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಕಾರ್ಡಿನಲ್ಲಿ ಬರಹ ನಿಧಾನವಾಗಿ ಮಾಸುತ್ತದೆ. ಆದ್ದರಿಂದ ಈ ಭಾನುವಾರವೇ ಹುಡುಕಿ ತೆಗೆದು, ಲಾಕ್ ಗುಂಡಿ ಸರಿಸಿದ ಅಡಾಪ್ಟರಿಗೆ ಹಾಕಿ ಪಡಿಯಚ್ಚನ್ನಾದರೂ ತೆಗೆದಿಡಿ. ಸರಿಪಡಿಸುವುದು ನಾಳೆಯೂ ಆದೀತು. ಓದುಗರಲ್ಲಿ ಒಬ್ಬರಿಗಾದರೂ ಇದರಿಂದ ಕಳೆದುಹೋಯಿತೆಂದುಕೊಂಡ ಮುಖವೊಂದು ಮರಳಿ ಕಂಡರೆ ನಮ್ಮ ಶ್ರಮ ಸಾರ್ಥಕ.